ಹಿಂದೆ ಕಟ್ಟಿದ ಕೈ

ನಮ್ಮ ಗುರ್ಕಾರರ ಕೈಗಳು ಸದಾ ಬೆನ್ನ ಹಿಂದೆ ಇರುತ್ತಿದ್ದವು. ಎಡಗೈ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಹಿಡಿದು ಹಿಡಿದು ಅಲ್ಲಿಯ ಚರ್ಮ ಬಳೆ ತೊಟ್ಟಂತೆ ಕಪ್ಪಗಾಗಿತ್ತು. ಬಲಗೈಯ ಎರಡು ಗೆಣ್ಣುಗಳು ಒಳಕ್ಕೆ ಕುಸಿದಿದ್ದವು. ಇಗರ್ಜಿಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಅವರ ಹಿಂದಿನ ಸಾಲು ನಮ್ಮದು. ಚಿಕ್ಕಂದಿನಲ್ಲಿ ನನಗೆ ಅವರ ಮುಖಕ್ಕಿಂತ ಆ ಕೈಗಳೇ ಹೆಚ್ಚು ಪರಿಚಿತವಾಗಿದ್ದವು.

ನಮ್ಮ ಇಗರ್ಜಿಗಳಲ್ಲಿ ಊರನ್ನು ವಾಡೊಗಳಾಗಿ ಹಂಚಿಕೊಂಡಿರುತ್ತಾರೆ. ಒಂದು ವಾಡೊಗೆ ಒಬ್ಬ ಮುಖ್ಯಸ್ಥ, ಅವನೇ ಗುರ್ಕಾರ. ಸಾವಿರಲಿ, ಮದುವೆಯಿರಲಿ, ಜಗಳವಿರಲಿ, ಮೊದಲು ಬಾಗಿಲಿಗೆ ಬರುವವನು ಅವನು. ಹೆಮ್ಮಾಡಿ ಕಡೆಯ ನಮ್ಮ ವಾಡೊದಲ್ಲಿ ಈ ಕೆಲಸ ಅವರಿಗೆ ಸಿಕ್ಕಿದ್ದು ಹಲವರಿಗೆ ಆಶ್ಚರ್ಯ ತಂದಿತ್ತು. ಹಿಂದೆ ಅವರು ಕೊಲ್ಲೂರು ಲೈನಿನ ಬಸ್ ಓಡಿಸುತ್ತಿದ್ದರು. ಟೈಮಿಂಗ್ ಜಗಳದಲ್ಲಿ, ಪ್ರಯಾಣಿಕರೆಲ್ಲ ನೋಡುತ್ತಿರುವಾಗಲೇ, ಇನ್ನೊಂದು ಬಸ್ಸಿನ ಕಂಡಕ್ಟರನ ದವಡೆ ಮುರಿದವರು. ಕುಡಿದು ಮನೆಗೆ ಬಂದ ದಿನ ಅವರ ಹೆಂಡತಿಯ ಕೂಗು ಗದ್ದೆಯಾಚೆಗೂ ಕೇಳುತ್ತಿತ್ತಂತೆ. ನನಗೆ ಬುದ್ಧಿ ಬರುವಷ್ಟರಲ್ಲಿ ಕುಡಿತ ನಿಂತಿತ್ತು, ಕೈ ಬೆನ್ನ ಹಿಂದೆ ಹೋಗಿತ್ತು. ಜನ ಅದನ್ನು ಗಾಂಭೀರ್ಯ ಎಂದುಕೊಂಡರು. ಅವರ ಹೆಂಡತಿ ಮಾತ್ರ ಒಮ್ಮೆ ನಮ್ಮ ಅಮ್ಮನ ಹತ್ತಿರ ಹೇಳಿದ್ದರು: "ಗಾಂಭೀರ್ಯ ಎಂತದ್ದೂ ಅಲ್ಲ. ಕಚ್ಚು ನಾಯಿ ಕಟ್ಟ್ ಹಾಕ್ದಾಂಗೆ ಕೈ ಕಟ್ಟ್ ಹಾಕಂಡಿರ್."

ಮಾತು ಕೊನೆಯವರೆಗೂ ಬಸ್ ಸ್ಟ್ಯಾಂಡಿನದೇ. ನಮ್ಮ ಮನೆಮಾತು ಕೊಂಕಣಿ. ಅವರು ಮಾತ್ರ ಎಲ್ಲರೊಡನೆ ಕುಂದಾಪ್ರ ಕನ್ನಡವನ್ನೇ ಆಡುತ್ತಿದ್ದರು. ಬಲಿಪೂಜೆಗೆ ತಡವಾಗಿ ಬಂದವರನ್ನು ಬಾಗಿಲಲ್ಲೇ ತಡೆದು, "ಹ್ವಾಯ್, ಇದ್ ಹೋಯ್ತ್. ಇನ್ ಮುಂದಿನ್ ಟ್ರಿಪ್ಪಿಗ್ ಬನಿ" ಎನ್ನುವರು.

ಊರು ಬಿಟ್ಟು ಹೋದವರನ್ನು ಅವರು ಬಿಡುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ನಮಗೆ ತೆನೆಹಬ್ಬ, ಮೊಂತಿ ಫೆಸ್ತ್. ಇಗರ್ಜಿಯಲ್ಲಿ ಹರಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಪುಡಿ ಮಾಡಿ, ಹಾಲಿನಲ್ಲಿ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಸೇವಿಸಬೇಕು. ದೂರ ಇರುವವರ ಪಾಲು ಅಂಚೆಯಲ್ಲಿ ಹೋಗುತ್ತದೆ. ನನ್ನ ಅಪ್ಪ ಅಮ್ಮ ತೀರಿಕೊಂಡಿದ್ದರಿಂದ, ಮದುವೆಯಾಗಿ ನಾನು ಮುಂಬಯಿಗೆ ಹೋದ ಮೇಲೆ ನನ್ನ ಪಾಲು ಕಳಿಸುತ್ತಿದ್ದವರು ಗುರ್ಕಾರರು. ಲಕೋಟೆ ತಲುಪಿದ ಮೇಲಿನ ಭಾನುವಾರ ಮಧ್ಯಾಹ್ನ ಅವರ ಫೋನು ಬರುತ್ತಿತ್ತು.

"ತಿಂದ್ಯಾ? ಹಂಗಾರೆ ಒಂದ್ ನಮಾನ್ ಮರಿಯೆ ಹೇಳ್, ಕಾಂಬ."

ಮರಿಯಮ್ಮನ ಆ ಪ್ರಾರ್ಥನೆಯನ್ನು ಕುವೈತಿನ ನರ್ಸೂ ಒಪ್ಪಿಸಬೇಕು, ಪುಣೆಯ ಬೇಕರಿಯವನೂ ಒಪ್ಪಿಸಬೇಕು. ಮುಂಬಯಿಯಲ್ಲೂ ಇಗರ್ಜಿ ಇದೆ ಎಂದು ನಾನೊಮ್ಮೆ ಹೇಳಿದ್ದೆ. "ಅಲ್ಲಿ ಪಾದ್ರಿ ಕೇಂಬುದ್ ಬೇರೆ. ನಾ ಕೇಂಬುದ್ ಬೇರೆ" ಎಂದಿದ್ದರು.

ನನ್ನ ಗಂಡ ಬೈಂದೂರು ಮೂಲದವನು, ಮುಂಬಯಿಯಲ್ಲೇ ಬೆಳೆದವನು. ಮದುವೆಯಾದ ವರ್ಷವೇ ಹೊಡೆಯತೊಡಗಿದ. ಹೊಟ್ಟೆಗೆ, ಪಕ್ಕೆಗೆ, ಕೂದಲು ಮುಚ್ಚುವಲ್ಲಿ ತಲೆಗೆ. ಮರುದಿನ ನಾನು ಕಾಲೇಜಿಗೆ ಹೋಗಿ ಪಾಠ ಮಾಡಿ ಬರುತ್ತಿದ್ದೆ. ಹೇಳಿಕೊಳ್ಳುವುದು ನನ್ನ ಸ್ವಭಾವವಲ್ಲ. ಬರಬರುತ್ತ ಹೇಳಿಕೊಳ್ಳಲು ಜನರೂ ಉಳಿಯಲಿಲ್ಲ. ಗೆಳತಿಯರ ನಂಬರುಗಳನ್ನು ಅವನೇ ಅಳಿಸಿಹಾಕಿದ್ದ. ಉಳಿದದ್ದು ವರ್ಷಕ್ಕೊಮ್ಮೆ ಬರುವ ಲಕೋಟೆ ಮತ್ತು ಆ ಫೋನು.

ಅದನ್ನೂ ಕತ್ತರಿಸಬೇಕೆಂದು ಅವನಿಗೆ ಅನ್ನಿಸಿದ್ದು ಎರಡು ವರ್ಷದ ಹಿಂದೆ. ಲಕೋಟೆ ಬಂದ ಶನಿವಾರ ತೆನೆಯನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟ. ನಾನು ಕೈ ಹಾಕಿ ಕಾಳುಗಳನ್ನು ಎತ್ತಿಕೊಳ್ಳಲು ಹೋದೆ. ಕುಕ್ಕರಿನ ಮುಚ್ಚಳದಿಂದ ಬಾಯಿಗೆ ಹೊಡೆದ. ಗೋಡೆಗೆ ಒತ್ತಿ ಹಿಡಿದು ಮತ್ತೆ ಹೊಡೆದ. ಮೇಲ್ದುಟಿ ಸೀಳಿತು. ಒಂದು ಹಲ್ಲು ಕಿತ್ತು ನಾಲಗೆಯ ಮೇಲೆ ಬಂತು. ಉಗಿದರೆ ನೆಲ ಕೊಳೆಯಾಯಿತೆಂದು ಇನ್ನೊಂದು ಏಟು ಬೀಳುತ್ತಿತ್ತು, ನುಂಗಿದೆ.

ಮರುದಿನ ಮಧ್ಯಾಹ್ನ ಫೋನು ಬಂತು. ಗಂಡ ಅದನ್ನು ಸ್ಪೀಕರಿಗೆ ಹಾಕಿ ನನ್ನ ಕುತ್ತಿಗೆಯ ಹಿಂಭಾಗವನ್ನು ಹಿಡಿದುಕೊಂಡ. "ಸಬ್ ಠೀಕ್ ಅಂತ ಹೇಳು. ಬೇರೆ ಏನಾದ್ರೂ ಹೇಳಿದ್ರೆ ನೋಡು."

"ತಿಂದೆ, ಗುರ್ಕಾರ್ರೆ" ಎಂದೆ. "ಚೆನ್ನಾಗಿದ್ದೇನೆ."

ಅಷ್ಟು ಹೇಳಲು ತುಟಿ ಸೇರಬೇಕಿರಲಿಲ್ಲ. ಪ್ರಾರ್ಥನೆಗೆ ಸೇರಬೇಕಿತ್ತು. ಮರಿಯಳ ಹೆಸರಿಗೇ ತುಟಿ ಮುಚ್ಚಬೇಕು, ನನ್ನದು ಮುಚ್ಚಲಿಲ್ಲ. ಒಂದೊಂದು ಮಾತಿಗೂ ಗಾಳಿ ಸೋರಿತು. ಆದರೂ ಕೊನೆಯವರೆಗೆ ಹೇಳಿದೆ. ಆಮೇಲೆ "ಸರಿ, ಮಗಾ" ಎಂದು ಫೋನು ಇಟ್ಟರು.

"ಬುಡ್ಢನಿಗೆ ಕಿವಿಯೂ ಹೋಗಿದೆ" ಎಂದು ಗಂಡ ನಕ್ಕ.

ಸೋಮವಾರ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಗುರ್ಕಾರರು ನಿಂತಿದ್ದರು, ಕೈ ಹಿಂದೆ. ಭಾನುವಾರ ಸಂಜೆಯ ರೈಲು ಹತ್ತಿ, ಪ್ರತಿ ವರ್ಷ ಲಕೋಟೆಯ ಮೇಲೆ ಬರೆಯುತ್ತಿದ್ದ ವಿಳಾಸವನ್ನು ಕೇಳಿಕೊಂಡು ಬಂದಿದ್ದರು. ಗಂಡನನ್ನು ದಾಟಿ ಒಳಗೆ ಬಂದು, ನನ್ನ ಮುಖವನ್ನೊಮ್ಮೆ ನೋಡಿ, ನಮ್ಮಿಬ್ಬರ ನಡುವೆ ನನಗೆ ಬೆನ್ನು ಹಾಕಿ ನಿಂತರು.

"ಏನು ಗುರ್ಕಾರ್ರೆ, ಈ ಬಿಲ್ಡಿಂಗೂ ನಿಮ್ಮ ವಾಡೊನಾ?" ಎಂದ ಗಂಡ.

"ಹೆಣ್ಣ್ ನನ್ ವಾಡೊದ್ದ್. ಕರ್ಕಂಡ್ ಹೋಪುಕೆ ಬಂದೆ. ಮಗಾ, ಬ್ಯಾಗ್ ತಕಾ."

ಗಂಡ ಹೊಡೆದ. ಮೊದಲ ಏಟಿಗೆ ಕನ್ನಡಕ ಒಡೆದು ಬಿತ್ತು. ಎರಡನೆಯದಕ್ಕೆ ಮೂಗಿನ ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ರಕ್ತ ಅಂಗಿಯ ಮೇಲಿಂದ ಇಳಿದು ನೆಲಕ್ಕೆ ತೊಟ್ಟಿಕ್ಕತೊಡಗಿತು. ನಾನು ನೋಡುತ್ತಿದ್ದದ್ದು ಅವರ ಕೈಗಳನ್ನು. ಬಲಗೈ ಮುಷ್ಟಿ ಕಟ್ಟಿ ಎಳೆಯುತ್ತಿತ್ತು. ಎಡಗೈ ಬಿಡಲಿಲ್ಲ, ಅದರ ಉಗುರುಗಳು ಮಣಿಕಟ್ಟಿನೊಳಕ್ಕೆ ಇಳಿದು ಅಲ್ಲಿಯೂ ರಕ್ತ ಬಂದಿತ್ತು. ಅದು ಬಿಟ್ಟಿದ್ದರೆ ಗಂಡ ಆ ದಿನ ಬದುಕಿ ಉಳಿಯುತ್ತಿರಲಿಲ್ಲ.

"ಹೊಡಿ ಮಾರಾಯ" ಎಂದರು ಗುರ್ಕಾರರು. "ಅವ್ಳ್ ಚಪ್ಪಲ್ ಹಾಕಂಬಲ್ಲಿವರಿಗೆ ನಾ ಇಲ್ಲೇ ನಿಂತಿರ್ತೆ."

ಅಕ್ಕಪಕ್ಕದ ಬಾಗಿಲುಗಳು ತೆರೆದವು. ಜನ ಒಳಗೆ ಇಣುಕಿದಾಗ ಗಂಡನ ಕೈ ಕೆಳಗಿಳಿಯಿತು. ನಾನು ಚಪ್ಪಲಿ ಹಾಕಿಕೊಂಡೆ.

ರೈಲಿನಲ್ಲಿ, ಹೇಗೆ ಗೊತ್ತಾಯಿತು ಎಂದು ಕೇಳಿದೆ. ಮೂಗಿಗೆ ಒತ್ತಿಕೊಂಡಿದ್ದ ಹೆಗಲಿನ ಬೈರಾಸನ್ನು ಅವರು ತೆಗೆಯಲಿಲ್ಲ.

"ಹಾಂಗ್ ನಮಾನ್ ಮರಿಯೆ ಹೇಳುದ್ ನಾ ಮನಿಯಂಗೆ ಸುಮಾರ್ ವರ್ಷ ಕೇಂಡಿದೆ. ನನ್ ಹೆಂಡ್ತಿ ಬಾಯಂಗೆ." ಕಿಟಕಿಯ ಕಡೆ ತಿರುಗಿದರು. "ಆ ಬಾಯಿ ಒಡ್ದದ್ದ್ ನಾನೇ."



ಈಗ ನಾನು ಬ್ರಹ್ಮಾವರದಲ್ಲಿ ಪಾಠ ಮಾಡಿಕೊಂಡಿದ್ದೇನೆ. ಕಟ್ಟಿಸಿಕೊಂಡ ಹಲ್ಲು ಒಂದಿದೆ. ಭಾನುವಾರ ಬಸ್ಸು ಹಿಡಿದು ಹಳೆಯ ಇಗರ್ಜಿಗೇ ಹೋಗುತ್ತೇನೆ. ಈ ಮಳೆಗಾಲಕ್ಕೆ ಮೊದಲು ಗುರ್ಕಾರರು ತೀರಿಕೊಂಡರು. ಸುದ್ದಿ ಕೇಳಿ ನಾನು ಹೋದಾಗ ಅವರಿಗೆ ಕೋಟು ತೊಡಿಸಿ ಮಲಗಿಸಿದ್ದರು. ಕೈಗಳು ಎರಡೂ ಪಕ್ಕಕ್ಕೆ ಬಿದ್ದಿದ್ದವು. ಅವುಗಳನ್ನು ಎದೆಯ ಮೇಲೆ ಜೋಡಿಸಿ ಜಪಸರ ಸುತ್ತಬೇಕಿತ್ತು. ಅವರ ಹೆಂಡತಿ ಜಪಸರ ಹಿಡಿದುಕೊಂಡು ದೂರದಲ್ಲೇ ನಿಂತಿದ್ದರು. "ಸುತ್ತಿನಿ ಬಾಯಮ್ಮ, ಪಾದ್ರಿಗಳ್ ಬಂದ್ರ್" ಎಂದು ಯಾರೋ ಅವಸರಿಸಿದರು.

ಅವರ ಹೆಂಡತಿ ಬಂದು ಜಪಸರವನ್ನು ನನ್ನ ಕೈಗೆ ಹಾಕಿದರು.

"ನೀನೇ ಸುತ್ತ್. ನಿಂಗ್ ಅದ್ ಒಳ್ಳೆ ಕೈ. ನಂಗೆ ಮುಟ್ಟುಕೆ ಈಗ್ಳೂ ಹೆದ್ರಿಕೆ ಆತ್ತ್."

ಬೆರಳುಗಳು ಇನ್ನೂ ಸೆಟೆದಿರಲಿಲ್ಲ. ಬಲಗೈಯನ್ನು ಎದೆಯ ಮೇಲಿಟ್ಟೆ. ಅದರ ಮೇಲೆ ಎಡಗೈಯನ್ನು ತಂದು, ಕಪ್ಪಗಾಗಿದ್ದ ಜಾಗವನ್ನು ಹುಡುಕಿ, ಬೆರಳುಗಳನ್ನು ಮಣಿಕಟ್ಟಿನ ಸುತ್ತ ಮಡಚಿದೆ. ಆಮೇಲೆ ಜಪಸರವನ್ನು ಸುತ್ತಿದೆ.

ಅವರ ಹೆಂಡತಿ ಒಂದು ಹೆಜ್ಜೆ ಹತ್ತಿರ ಬಂದರು.

"ಗಟ್ಟಿ ಇತ್ತಾ?"

"ಗಟ್ಟಿ ಇದೆ" ಎಂದೆ.

ಆಗ ಅವರು ಬಗ್ಗಿ ಗಂಡನ ಹಣೆಗೆ ಮುತ್ತಿಟ್ಟರು.