ಗಾಳಿ ಹೋಗುವವರೆಗಿನ ಎಣಿಕೆ

ಅವರ ಎಡಗೆನ್ನೆ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಪಂಕ್ಚರಾದ ಗಾಲಿಯ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ತೆಗೆದು ಕೆನ್ನೆಯ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದರು. ಸೂಜಿಮೊನೆಯಷ್ಟು ತೂತಿದ್ದರೂ ಅದರಿಂದ ಬರುವ ಗಾಳಿ ಒದ್ದೆ ಚರ್ಮಕ್ಕೆ ತಣ್ಣಗೆ ತಾಗುತ್ತದಂತೆ. ಬೇರೆಯವರು ಕಿವಿಗೊಟ್ಟು ಕೇಳುವುದನ್ನು ಇವರು ಕೆನ್ನೆಗೊಟ್ಟು ತಿಳಿಯುತ್ತಿದ್ದರು. ಅದನ್ನು ನಾನು ಬಹಳ ಕಾಲ ಕೈಚಳಕವೆಂದೇ ನಂಬಿದ್ದೆ.

ನಾವು ಅವರನ್ನು ಗಾಲಿ ಮಾಮ ಎನ್ನುತ್ತಿದ್ದೆವು. ಬೊಬ್ರುವಾಡದ ರಸ್ತೆ ಬದಿಯಲ್ಲಿ ಅವರದೊಂದು ತಗಡಿನ ಶೆಡ್ಡು. ಕೇಣಿಯಿಂದ ಅಂಕೋಲಾ ಪೇಟೆಗೆ ಮೀನು ಒಯ್ಯುವ ಕೈಗಾಡಿಗಳ ಪುಟ್ಟ ಗಾಲಿಗಳನ್ನೆಲ್ಲ ಅವರೇ ನೋಡುತ್ತಿದ್ದರು. ಅಮ್ಮನಿಗೆ ನಾವು ಆಯಿ ಎನ್ನುತ್ತೇವೆ; ಅವಳದೂ ಅಂಥದೇ ಗಾಡಿ. ಗಾಡಿ ನೂಕುವವಳು ಆಯಿ, ಗಾಲಿ ರಿಪೇರಿಗೆ ಒಯ್ಯುವವಳು ನಾನು. ನಾನು ಡೈರಿಯಲ್ಲಿ ಬರೆದಿಟ್ಟ ಪ್ರಕಾರ ಒಂದು ವರ್ಷದಲ್ಲಿ ಹದಿನೇಳು ಪಂಕ್ಚರ್: ಎಡಗಾಲಿ ಹನ್ನೊಂದು, ಬಲಗಾಲಿ ಆರು. ಅದರಲ್ಲಿ ನಾಲ್ಕು ಸಲ ಚುಚ್ಚಿದ್ದು ಮೀನಿನ ಗಾಳದ ಕೊಕ್ಕೆ.

ಈ ಗಾಲಿಗಳ ರಿಮ್ಮು ಎಂದರೆ ಎದುರುಬದುರಾಗಿ ಇಟ್ಟ ಎರಡು ಕಬ್ಬಿಣದ ತಟ್ಟೆಗಳು. ನಾಲ್ಕು ನಟ್ಟು ಬಿಗಿದರೆ ಒಂದಾಗುತ್ತವೆ. ಒಳಗೆ ಗಾಳಿಯಿರುವಾಗ ನಟ್ಟು ಬಿಚ್ಚಿದರೆ ತಟ್ಟೆ ಹಾರಿ ಬರುತ್ತದೆ; ಬೆರಳು ಅಡ್ಡ ಸಿಕ್ಕರೆ ಉಳಿಯುವುದಿಲ್ಲ. ಶೆಡ್ಡಿನ ತಗಡಿನಲ್ಲಿ ತಟ್ಟೆಯಗಲದ ಒಂದು ಉಬ್ಬಿತ್ತು. ಅಂಗಡಿ ಹಾಕಿದ ಹೊಸತರಲ್ಲಿ ಅವರೇ ಮಾಡಿದ ತಪ್ಪು ಅದು. ಅಲ್ಲಿ ನಿಂತಾಗಲೆಲ್ಲ ನನ್ನ ಕಣ್ಣು ಆ ಉಬ್ಬಿಗೇ ಹೋಗುತ್ತಿತ್ತು.

ಆಮೇಲಿಂದ ಅವರದೊಂದು ಕಟ್ಟುಪಾಡು. ಮೊದಲು ವಾಲ್ವಿನ ಪಿನ್ ತೆಗೆದು ಗಾಡಿಯವರ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿಸುತ್ತಿದ್ದರು. "ಇದು ನಿನ್ ಕೈಲಿ ಇದ್ರೆ ಗಾಲಿ ಸತ್ತದೆ ಅಂತ ಲೆಕ್ಕ. ನಾ ಕೇಳೂ ತನಕ ಕೊಡ್ಬೇಡ." ಪಿನ್ ಹೊರಬಂದ ಕೂಡಲೇ ಗಾಳಿ ಸುಂಯ್ಯೆಂದು ಹೋಗುತ್ತಿತ್ತು. ನಾನು ಎಣಿಸುತ್ತಿದ್ದೆ. ಗಾಳಿ ತುಂಬಿದ್ದರೆ ನಮ್ಮ ಗಾಲಿಗೆ ಸರಿಯಾಗಿ ಒಂಬತ್ತು. ಒಂಬತ್ತಾದ ಮೇಲೆ ಅವರು ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡರೆ ನನಗೆ ಉಸಿರಾಡಲು ಧೈರ್ಯ.

ಪಂಕ್ಚರ್ ಲೆಕ್ಕ ಕಡಿಮೆಯಾಗಲೆಂದು ನಾನೇ ಒಂದು ಕೆಲಸ ಮಾಡಿದೆ. ಕಾರವಾರಕ್ಕೆ ಹೋದಾಗ, ತೂತನ್ನು ಒಳಗಿಂದಲೇ ಮುಚ್ಚುವ ಹಸಿರು ಅಂಟಿನ ಬಾಟಲಿ ತಂದು ಎರಡೂ ಗಾಲಿಗೆ ಹಾಕಿದೆ. ಮಾಮನಿಗೆ ಹೇಳಲಿಲ್ಲ. ಎರಡು ತಿಂಗಳು ಡೈರಿಯಲ್ಲಿ ಒಂದೂ ಗೀಟಿಲ್ಲ. ಆಮೇಲೆ ಎಡಗಾಲಿಯ ಟಯರು ಸವೆದು ನೂಲು ಕಂಡಿತು. ಬದಲಿಸಲು ಒಯ್ದೆ. ಗಾಲಿಯಲ್ಲಿ ಗಾಳಿ ತುಂಬಿತ್ತು.

ಮಾಮ ಪಿನ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ನಾನು ಎಣಿಸಲು ಕಾದೆ. ಸದ್ದೇ ಬರಲಿಲ್ಲ. ಅವರು ಬಗ್ಗಿ ಮೊದಲ ನಟ್ಟು ಬಿಚ್ಚಿದರು. ನಲವತ್ತು ವರ್ಷ ಈ ಕೆಲಸ ಮಾಡಿದವರಿಗೆ ನಾನೇನು ಹೇಳುವುದು ಎಂದು ಸುಮ್ಮನಿದ್ದೆ. ಎರಡನೆಯ ನಟ್ಟು ಸಡಿಲಾದಾಗ ತಟ್ಟೆ ಕಿರ್ರೆಂದಿತು. "ಮಾಮಾ!" ಎಂದು ಹಿಂದಿನಿಂದ ಕೂಗಿದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಪಾನಾ ಮೂರನೆಯ ನಟ್ಟಿಗೆ ಹೋಯಿತು. ಓಡಿಹೋಗಿ ಅವರ ಮಣಿಕಟ್ಟು ಹಿಡಿದೆ.

"ಎಂತಾ ಆಯ್ತೇ ತಂಗಿ? ಕೈ ಬಿಡು."

"ಗಾಳಿ ಹೋಗ್ಲಿಲ್ಲ ಮಾಮಾ. ಸಪ್ಳೇ ಬರ್ಲಿಲ್ಲ."

ಅವರು ನನ್ನ ತುಟಿಗಳನ್ನೇ ನೋಡಿದರು. ಟಯರಿಗೆ ಹೆಬ್ಬೆರಳು ಒತ್ತಿದರು. ಕಲ್ಲು ಒತ್ತಿದ ಹಾಗೆ, ಒಂದಿಷ್ಟೂ ತಗ್ಗಲಿಲ್ಲ. ಮುಖದ ಬಣ್ಣ ಇಳಿಯಿತು. ನನ್ನನ್ನು ರಸ್ತೆಯವರೆಗೆ ಹಿಂದೆ ಕಳಿಸಿ, ತಾವು ಒಂದು ಬದಿಗೆ ಸರಿದು, ಕೈ ಚಾಚಿ ನಟ್ಟುಗಳನ್ನು ಒಂದೊಂದೇ ಸುತ್ತು ಮತ್ತೆ ಬಿಗಿದರು. ವಾಲ್ವಿಗೆ ತಂತಿ ತೂರಿಸಿದಾಗ, ಅಲ್ಲಿ ಕಟ್ಟಿಕೊಂಡು ಗಾಳಿ ತಡೆದಿದ್ದ ಹಸಿರು ಅಂಟು ಅವರ ಅಂಗಿಗೆಲ್ಲ ಸಿಡಿಯಿತು, ಹಿಂದೆಯೇ ಗಾಳಿ. ನಾನು ಅಳುತ್ತ ಗಟ್ಟಿಯಾಗಿ ಒಂಬತ್ತರವರೆಗೆ ಎಣಿಸಿದೆ.

ಮಾಮ ಬೈಯಲಿಲ್ಲ. ತಗಡಿನ ಉಬ್ಬನ್ನು ತೋರಿಸಿ, "ಬಲಗಿವಿ ಆವತ್ತೇ ಹೋಯ್ತು. ಎಡದ್ದು ಈಗೀಗ" ಎಂದರು. "ಯಾರ ಹತ್ರೂ ಹೇಳ್ಬೇಡ. ಕಿವ್ಡನ ಹತ್ರ ಗಾಡಿ ಯಾರು ತರ್ತ್ರು?" ಎದುರಿಗೆ ನಿಂತು ಮಾತಾಡಿ ಎಂದು ಎಲ್ಲರನ್ನೂ ಗದರುತ್ತಿದ್ದುದು ಯಾಕೆಂದು ಆಗ ತಿಳಿಯಿತು. ಪಿನ್ ಇನ್ನೂ ನನ್ನ ಮುಷ್ಟಿಯಲ್ಲಿತ್ತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಹನ್ನೊಂದು ದಿನ ಮಾತು ಉಳಿಸಿಕೊಂಡೆ. ಆ ಹನ್ನೊಂದು ದಿನ ಎಲ್ಲೋ ಪಟಾಕಿ ಹೊಡೆದರೂ, ತೆಂಗಿನ ಒಣ ಗರಿ ಬಿದ್ದರೂ ಹೊರಗೆ ಓಡಿ ಬೊಬ್ರುವಾಡದ ಕಡೆ ನೋಡುತ್ತಿದ್ದೆ. ನನ್ನ ಅಂಟಿನ ಬಾಟಲಿ ನೋಡಿ ಇನ್ನೂ ಆರು ಗಾಡಿಯವರು ಅದನ್ನೇ ಹಾಕಿಕೊಂಡಿದ್ದರು. ಹನ್ನೆರಡನೆಯ ದಿನ ಆಯಿಗೆ ಹೇಳಿಬಿಟ್ಟೆ.

ಆಯಿ ಮೀನು ಹೆಚ್ಚುತ್ತಲೇ ಅಂದಳು: "ಅಂವ್ಗೆ ಕಿವಿ ಕೇಳೂದಿಲ್ಲ ಅಂತ ಊರಿಗೇ ಗೊತ್ತದೆ. ಬಸ್ಸು ಹಾರ್ನ್ ಹೊಡದ್ರೂ ತಿರ್ಗಿ ನೋಡೂದಿಲ್ಲ." ಆಮೇಲೆ ಕತ್ತಿ ಕೆಳಗಿಟ್ಟಳು. "ಆದ್ರೆ ಬರೇ ಪಿನ್ ನಂಬ್ಕಂಡೇ ಗಾಲಿ ಬಿಚ್ತಾ ಅಂತ ಗೊತ್ತಿರ್ಲಿಲ್ಲ, ಮಾರಾಯ್ತಿ."

ಆಯಿ ಎಲ್ಲರಿಗೂ ಮಾತು ಮುಟ್ಟಿಸಿದಳು; ಮರುದಿನದಿಂದ ಮೀನಿನ ಹೆಂಗಸರು ಪಿನ್ ಹಿಡಿದು ಸುಮ್ಮನೆ ನಿಲ್ಲಲಿಲ್ಲ. ಎದುರಿಗೆ ಕೂತು ಟಯರಿಗೆ ತಾವೇ ಹೆಬ್ಬೆರಳು ಒತ್ತಿ, ತಲೆಯಾಡಿಸಿದ ಮೇಲೇ ಮಾಮನಿಗೆ ಪಾನಾ ಕೊಡುತ್ತಿದ್ದರು. "ಮಾಮಾ, ನಿಮ್ ಗಾಲಿಯ ನಾಡಿ ನೋಡಿ ನೋಡಿ ನಾವೆಲ್ಲಾ ಡಾಕ್ಟ್ರಾದ್ವು" ಎಂದು ಒಬ್ಬಳು ನಗಾಡಿದಳು. ಮಾಮ ನಗಲಿಲ್ಲ. ನನ್ನ ಜೊತೆ ಮೂರು ವಾರ ಮಾತಾಡಲಿಲ್ಲ. ಗಾಡಿ ಮಾತ್ರ ಒಂದೂ ಕಡಿಮೆಯಾಗಲಿಲ್ಲ. ಎದುರಿನ ಬಸ್‌ಸ್ಟಾಪಿನಲ್ಲಿ ಕೂತು ನಾನು ಎಣಿಸಿ ನೋಡಿದ್ದೇನೆ.

ನಾಲ್ಕನೆಯ ವಾರ ಬಲಗಾಲಿ ಒಯ್ದೆ. ಮಾಮ ಗಾಲಿಯನ್ನು ಎದುರಿಗೆ ಎಳೆದುಕೊಂಡು, "ಊರಿಗೆಲ್ಲಾ ಡಂಗ್ರ ಹೊಡ್ದೆ ಅಲ್ದಾ?" ಎಂದರು.

"ಹೌದು ಮಾಮಾ. ಹೆದ್ರಿಕೆ ಆಯ್ತು."

ಪಿನ್ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಅಡ್ಡಿಲ್ಲ. ಒತ್ತಿ ನೋಡು."

ಈ ಮಳೆಗಾಲದಲ್ಲಿ ಅವರು ಜ್ವರದಿಂದ ತೀರಿಕೊಂಡರು. ಗಾಲಿಗೂ ಅದಕ್ಕೂ ಸಂಬಂಧವಿಲ್ಲ, ನನಗೆ ಗೊತ್ತು. ಆದರೂ ಸುದ್ದಿ ಬಂದಾಗ ಆ ತಟ್ಟೆ ಮತ್ತೆ ಕಿರ್ರೆಂದ ಹಾಗಾಯಿತು. ಅವರನ್ನು ಜಗಲಿಯಲ್ಲಿ ಮಲಗಿಸಿದ್ದರು. ಎಡಗೆನ್ನೆ ಒಣಗಿತ್ತು. ಎರಡೂ ಕೈ ಎದೆಯ ಮೇಲಿದ್ದವು. ಎಲ್ಲರೂ ಮುಖ ನೋಡುತ್ತಿದ್ದಾಗ ನಾನು ಬೆರಳು ಎಣಿಸಿದೆ. ಹತ್ತೂ ಇದ್ದವು. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದೆ.