ಅಡ್ಡಗೀಟಿನ ಏಳು

ನಮ್ಮ ಬೀದಿಯನ್ನು ನೆನೆದರೆ ನನಗೆ ಹೇಸಿಗೆಯಾಗುತ್ತದೆ. ಹತ್ತೊಂಬತ್ತು ವರ್ಷದಿಂದ ಇಲ್ಲೇ ಚಹಾ, ಎಣ್ಣೆಯಲ್ಲಿ ಕರಿದ ಮಂದಾಜಿ ಮಾರಿ ಬದುಕುತ್ತಿರುವ ವಂಗೇಚಿ ನಾನು, ಆದರೂ ಹೇಳುತ್ತೇನೆ. ನೈರೋಬಿಯಲ್ಲಿ ನಿಮ್ಮ ಕಾರಿನ ಕನ್ನಡಿ ಬೆಳಿಗ್ಗೆ ಕಾಣೆಯಾದರೆ ಮಧ್ಯಾಹ್ನಕ್ಕೆ ಅದು ಇಲ್ಲಿನ ಯಾವುದೋ ಅಂಗಡಿಯಲ್ಲಿ ನೇತಾಡುತ್ತಿರುತ್ತದೆ. ನಿಮ್ಮದನ್ನು ನಿಮಗೇ ಮಾರುತ್ತಾರೆ, ಮೇಲೆ ದೇವರು ಒಳ್ಳೆಯದು ಮಾಡಲಿ ಎಂದು ಹರಸಿಯೂ ಕಳಿಸುತ್ತಾರೆ. ಥೂ.

ಇಂಥ ಕಡೆ ನೆಟ್ಟಗಿದ್ದದ್ದು ಮುದುಕ ಗಥೋಗೊನ ಕೆಲಸ ಒಂದೇ. ನನ್ನ ಒಲೆಯ ಪಕ್ಕದಲ್ಲಿ ಒಂದು ಸ್ಟೂಲು, ಕೈಯಲ್ಲಿ ಜೀರುಂಡೆಯಂತೆ ಗುಂಯ್‌ಗುಡುವ ಪುಟ್ಟ ಕೊರೆಯುವ ಮಶೀನು. ಕನ್ನಡಿ, ದೀಪ, ಗಾಜು, ಏನು ಕೊಟ್ಟರೂ ಅದರ ಮೇಲೆ ಗಾಡಿಯ ನಂಬರು ಕೆತ್ತುತ್ತಿದ್ದ. ನಂಬರಿದ್ದ ಮಾಲನ್ನು ಕಳ್ಳ ಮುಟ್ಟಲು ಹಿಂಜರಿಯುತ್ತಾನಲ್ಲ, ಅದಕ್ಕೆ. ಅವನು ಬರೆದ ಏಳಿನ ಹೊಟ್ಟೆಗೆ ಒಂದು ಅಡ್ಡಗೀಟು ಇರುತ್ತಿತ್ತು. ಸಾವಿರ ಏಳುಗಳ ನಡುವೆಯೂ ಅವನದನ್ನು ನಾನು ಗುರುತಿಸಬಲ್ಲೆ.

"ಮೊದ್ಲು ಐವತ್ತು, ಆಮೇಲೆ ಅಕ್ಷರ" ಎಂಬುದು ಅವನ ನಿಯಮ. ಒಡಹುಟ್ಟಿದ ಅಣ್ಣನಿಗೂ ಬಿಟ್ಟವನಲ್ಲ. ಒಮ್ಮೆ ಬಿಷಪ್ಪರ ಕಾರು ಬಂದಾಗಲೂ ಕೈ ಚಾಚಿಯೇ ಕೂತಿದ್ದ. ನನಗೇ ನಾಚಿಕೆಯಾಗಿ, "ದೇವರ ಮನುಷ್ಯ ಕಣಯ್ಯಾ, ಬಿಡು" ಎಂದರೆ, "ಪುಕ್ಕಟೆ ಮಾಡೋನ ಹೊಟ್ಟೇಲಿ ಏನೋ ಕಳ್ಳತನ ಇರತ್ತೆ ವಂಗೇಚಿ" ಎಂದಿದ್ದ.

ಕೆತ್ತಿದ್ದನ್ನು ಉಜ್ಜಿ ಕೊಡು ಎಂದು ಬರುವವರೂ ಇದ್ದರು. ಹತ್ತು ಪಟ್ಟು ಕೊಡುತ್ತೇವೆ ಎನ್ನುತ್ತಿದ್ದರು. ಅಂಥ ಒಬ್ಬನ ಬೆನ್ನಿಗೆ ಅವನು ಸ್ಟೂಲನ್ನೇ ಎಸೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೋದ ವರ್ಷ ಅವನ ಕೈ ನಡುಗಲು ಶುರುವಾಯಿತು. ಮೂರು ಬರೆದದ್ದು ಎಂಟಾಗಿ ಒಬ್ಬ ಗಿರಾಕಿ ಬಾಯಿಗೆ ಬಂದಂತೆ ಬೈದು ಹೋದ. ಇನ್ನು ಈ ಕೆಲಸ ನಡೆಯುವುದಿಲ್ಲ, ಊರಿನ ರಸ್ತೆಯಲ್ಲಿ ಜನ ಸಾಗಿಸಿ ಬದುಕುತ್ತೇನೆ ಎಂದು ಇದ್ದದ್ದನ್ನೆಲ್ಲ ಸುರಿದು ಒಂದು ಹಳೆಯ ಬಿಳಿ ವ್ಯಾಗನ್ನು ಕೊಂಡ. ಬಣ್ಣ ಫಳಫಳ, ಸೀಟಿಗೆ ಹೊಸ ಬಟ್ಟೆ. ಮೇಲೆ ಥಳಕು, ಒಳಗೆ ಹುಳುಕು. ವಾರದೊಳಗೆ ಅದು ಪೆಟ್ರೋಲನ್ನು ಗಟಗಟ ಕುಡಿದು ಕರಿ ಹೊಗೆ ಉಗುಳತೊಡಗಿತು. ಹಿಂದೆ ನಿಂತವರಿಗೆ ಕೊಳೆತ ಮೊಟ್ಟೆಯ ನಾತ.

ಮೆಕ್ಯಾನಿಕ್ ಕೆಳಗೆ ನುಸುಳಿ ನೋಡಿದ. ಹೊಗೆ ಕೊಳವೆಯಲ್ಲಿ ಹೆಬ್ಬೆರಳಿನಷ್ಟು ಒಂದು ಸೆನ್ಸರ್ ಇರಬೇಕು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡಿ, ಎಷ್ಟು ಪೆಟ್ರೋಲ್ ಸಾಕು ಎಂದು ಎಂಜಿನ್ನಿಗೆ ತಿಳಿಸುವುದು ಅದೇ. ಮಾರಿದವನು ಅದನ್ನು ಕಿತ್ತುಕೊಂಡು ಆ ತೂತಿಗೆ ತುಕ್ಕು ಹಿಡಿದ ಬೋಲ್ಟ್ ಜಡಿದಿದ್ದ. ಮುಂದೆ ಎಚ್ಚರಿಕೆಯ ದೀಪ ಉರಿಯಬಾರದೆಂದು ಅದರ ಬಲ್ಬನ್ನೂ ತೆಗೆದಿದ್ದ.

"ಕಣ್ಣು ಕಿತ್ತಿದ್ದಲ್ದೆ ಬಾಯಿಗೂ ಬಟ್ಟೆ ತುರುಕಿದಾನೆ ಅಜ್ಜಾ" ಎಂದ ಮೆಕ್ಯಾನಿಕ್.

ಮಾರಿದವನ ಫೋನು ಸತ್ತಿತ್ತು. ಗುರುವಾರ ಗಾಡಿಯ ತಪಾಸಣೆ. ಹೊಗೆ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಚೀಟಿ ಇಲ್ಲ, ಚೀಟಿ ಇಲ್ಲದೆ ಜನ ಹತ್ತಿಸುವಂತಿಲ್ಲ. ಹೊಸ ಸೆನ್ಸರ್ ಅವನ ಕೈಗೆ ಎಟುಕುವಂಥದ್ದಲ್ಲ. ಮೂರು ದಿನ ಬೀದಿಯ ಒಂದೊಂದು ಅಂಗಡಿಗೂ ಅಲೆದ. ಅತ್ತ ಕೈಯೂ ಇಲ್ಲ, ಇತ್ತ ಗಾಡಿಯೂ ಇಲ್ಲ ಎಂಬಂತಾಗಿ ಅವನಿಗೆ ನನ್ನ ಮಂದಾಜಿಯೂ ಸೇರುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಬಿಡಿಭಾಗ ಮಾರುವ ಕಮಾಂಡೆ ಬಂದು ನನ್ನ ಬೆಂಚಿನ ಮೇಲೆ ಕೂತು, ಪೇಪರಿನ ಪೊಟ್ಟಣ ಬಿಚ್ಚಿದ. ಅಂಥದ್ದೇ ಗಾಡಿಯ ಸೆನ್ಸರ್. ಗಥೋಗೊ ಕನ್ನಡಕ ಏರಿಸಿ ಅದನ್ನು ತಿರುಗಿಸಿ ನೋಡಿದ. ಆರು ಮೂಲೆಯ ಕತ್ತಿನ ಮೇಲೆ ಎಳ್ಳಿನಷ್ಟು ಸಣ್ಣಗೆ ಕೆಎಎಕ್ಸ್ 417 ಎಂದಿತ್ತು. ಏಳಿಗೆ ಅಡ್ಡಗೀಟು.

ಹೊಗೆ ಕೊಳವೆಯ ಸೆನ್ಸರಿಗೂ ನಂಬರು ಬರೆಸಿಕೊಂಡವರು ಇಡೀ ನೈರೋಬಿಯಲ್ಲಿ ಒಬ್ಬರೇ. ನನ್ನ ಮಗಳಿಗೆ ಓದು ಕಲಿಸಿದ ಮುರುಗಿ ಟೀಚರ್. ಜ್ಯಾಕನ್ನೂ ಬಿಡದೆ ಬರೆಸಿದ್ದರು ಪುಣ್ಯಾತಗಿತ್ತಿ.

"ಇದು ಟೀಚರ್ದು" ಎಂದ ಗಥೋಗೊ.

"ಆಗಿತ್ತು. ಈಗ ನಂದು. ಇನ್ನೈದ್ ನಿಮಿಷಕ್ಕೆ ನಿಂದು" ಎಂದ ಕಮಾಂಡೆ. "ಬ್ರೇಕ್ ರಿಪೇರಿಗೆ ಅಂತ ಗ್ಯಾರೇಜಲ್ಲಿ ಬಿಟ್ಟಿದ್ರಂತೆ. ಬಿಟ್ಟುಹೋದ ಗಾಡಿ ಅಂದ್ರೆ ಬಾಗ್ಲು ತೆಗೆದ ಅಡುಗೆಮನೆ ಅಲ್ವಾ. ಮಶೀನು ನಿನ್ ಕೈಲೇ ಇದೆ ಅಜ್ಜಾ. ಬರೆದೋನಿಗೆ ಅಳಿಸೋಕ್ ಬರಲ್ವಾ?"

ಈಗ ಸ್ಟೂಲು ಹಾರುತ್ತದೆ ಎಂದು ನಾನು ಪಾತ್ರೆ ಪಕ್ಕಕ್ಕೆ ಸರಿಸಿದೆ. ಹಾರಲಿಲ್ಲ. ಗಥೋಗೊ ನನ್ನ ಮುಖ ನೋಡಿದ. ಬೇಡ ಎನ್ನು ಎಂದು ಕೇಳುವ ಹಾಗಿತ್ತು ಆ ನೋಟ. ನಾನು ಚಹಾ ಸೋಸುತ್ತ, "ನಾಳೆ ಗುರುವಾರ ಅಲ್ವಾ" ಎಂದೆ.

ಅಷ್ಟೇ ಅಂದದ್ದು. ಮಶೀನು ಗುಂಯ್‌ಗುಟ್ಟಿತು. ಅವತ್ತು ಅವನ ಕೈ ಒಂದಿಷ್ಟೂ ನಡುಗಲಿಲ್ಲ. ಅದನ್ನು ನೋಡಿ ನನಗೆ ಇನ್ನಷ್ಟು ಹೇಸಿಗೆಯಾಯಿತು, ಅವನ ಮೇಲೋ ನನ್ನ ಮೇಲೋ ಗೊತ್ತಿಲ್ಲ.

ಗಾಡಿ ಪಾಸಾಯಿತು.

ಮುಂದಿನ ಸೋಮವಾರ, ಗಥೋಗೊ ಊರಿಗೆ ಹೊರಡುವ ಮೊದಲೇ, ಮುರುಗಿ ಟೀಚರ್ ಬಂದರು. ಕೈಯಲ್ಲಿ ಹೊಸ ಸೆನ್ಸರಿನ ಡಬ್ಬಿ. ನಾನು ಚಹಾ ಕೊಟ್ಟೆ.

"ನಂಬರ್ ಇದ್ರೂ ಬಿಡಲಿಲ್ಲ ನೋಡು ಗಥೋಗೊ. ಯಾವನೋ ಹೊಲಸು ಕೈಯವನು ಉಜ್ಜಿ ಹಾಕಿರ್ತಾನೆ. ಈ ಸಲ ಆಳವಾಗಿ ಬರಿ" ಎಂದರು.

ಗಥೋಗೊ ಮಶೀನು ಹಿಡಿದ. ಗೀಟುಗಳು ಹಾವಿನ ಹಾಗೆ ಹೊರಳತೊಡಗಿದವು. ಮೂರು ಅಕ್ಷರ ಆಗಿರಬೇಕು, ಟೀಚರ್ ಪರ್ಸಿಗೆ ಕೈ ಹಾಕಿದರು.

"ಮೊದ್ಲು ಐವತ್ತು ಅಲ್ವೇನೋ. ಇವತ್ತು ಮರೆತ್ಯಾ?"

"ಇರ್ಲಿ ಟೀಚರ್. ನಿಮ್ಮತ್ರ ಬೇಡ."

ಟೀಚರ್ ನೋಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಬಿಷಪ್ಪರ ಕಥೆ, ಪುಕ್ಕಟೆಯ ಆ ಮಾತು ಅವರಿಗೂ ಗೊತ್ತಿತ್ತು, ಇಡೀ ಬೀದಿ ಅದನ್ನು ಹೇಳಿ ನಗುತ್ತದೆ. ಅವರ ಕಣ್ಣು ನನ್ನ ಗೂಡಂಗಡಿಯ ಹಿಂದೆ ನಿಂತ ಬಿಳಿ ವ್ಯಾಗನ್ನಿನ ಕಡೆ ಹೋಯಿತು. ತಮ್ಮ ಗಾಡಿಯಂಥದ್ದೇ ಗಾಡಿ. ಗಾಜಿನ ಮೇಲೆ ತಪಾಸಣೆಯ ಹೊಸ ಚೀಟಿ.

"ತಗೋ ಗಥೋಗೊ" ಎಂದರು, ದನಿ ಏರಿಸದೆ. "ನೀನು ತಗೊಳ್ದಿದ್ರೆ ನಾನು ಏನೋ ಅಂದ್ಕೋಬೇಕಾಗತ್ತೆ."

ತಗೋ ಮಾರಾಯ, ಕೈ ಚಾಚಿ ತಗೋ ಎಂದು ನಾನು ಒಳಗೊಳಗೇ ಅರಚುತ್ತಿದ್ದೆ. ಅವನು ತಲೆ ಎತ್ತಲಿಲ್ಲ. ಕೈ ಎರಡೂ ತೊಡೆಯ ನಡುವೆ ಹುದುಗಿದ್ದವು.

ಟೀಚರ್ ಅರ್ಧ ಬರೆದ ಸೆನ್ಸರನ್ನು ಅವನ ಮಡಿಲಿನಿಂದ ಎತ್ತಿಕೊಂಡು ಡಬ್ಬಿಗೆ ಹಾಕಿದರು. ನೋಟನ್ನು ಅಲ್ಲೇ ಬೆಂಚಿನ ಅಂಚಿಗೆ ಇಟ್ಟು, ಅದರ ಮೇಲೆ ನಾನು ಕೊಟ್ಟ ಚಹಾದ ಲೋಟ ಹೇರಿದರು. ಒಂದು ಗುಟುಕೂ ಕುಡಿದಿರಲಿಲ್ಲ. ನನ್ನನ್ನೂ ಒಮ್ಮೆ ನೋಡಿ ಹೊರಟುಹೋದರು.

ಚಹಾ ಆರಿ ಕೆನೆಗಟ್ಟಿತು. ಸಂಜೆಯವರೆಗೂ ನೋಟು ಅಲ್ಲೇ ಇತ್ತು. ಇಷ್ಟು ಕಳ್ಳರಿರುವ ಬೀದಿಯಲ್ಲಿ ಅದನ್ನು ಯಾರೂ ಮುಟ್ಟಲಿಲ್ಲ.