ಮಾವನ ಗಿಟಾರಿಗೆ ಎಷ್ಟು ವಯಸ್ಸು?

ನನ್ನ ಸೋದರಮಾವ ಬಾಯಿಬಡಾಯಿಯ ಮನುಷ್ಯ. ಆದರೆ ತನ್ನ ಕರೆಂಟಿನ ಸ್ಟೀಲ್ ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿ, ಎಡಗೈಯಲ್ಲಿ ಉಕ್ಕಿನ ತುಂಡು ಜಾರಿಸುತ್ತ ಬಲಗೈಯಲ್ಲಿ ಮೀಟಿದನೆಂದರೆ, ಬೀದಿಯಲ್ಲಿ ಹೋಗುವವರು ನಿಂತುಬಿಡುತ್ತಿದ್ದರು. ಹೋಟೆಲು, ನಾಟಕ, ಕಂಡವರ ಮದುವೆ ಎಂದು ಜೀವನವಿಡೀ ನುಡಿಸಿದ. ತಾನು ಮದುವೆಯಾಗುವುದನ್ನು ಮಾತ್ರ ಮರೆತ. ಅದು ನೆನಪಾದದ್ದು ನನ್ನ ರಿಪೇರಿ ಅಂಗಡಿಯ ಪಕ್ಕಕ್ಕೆ ಟೈಲರಮ್ಮ ಬಂದ ಮೇಲೆ.

ಟೈಲರಮ್ಮ ಒಂಟಿ ಜೀವ, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಾವ ಧೈರ್ಯ ಮಾಡಿ ಕೇಳಿಯೇಬಿಟ್ಟ. ಆಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ನೋಡೋಣ” ಎಂದು ಕತ್ತರಿ ಎತ್ತಿಕೊಂಡರು. ಆ ‘ನೋಡೋಣ’ದಲ್ಲೇ ಮಾವ ಸೊರಗಿಹೋದ. ತನಗೆ ಅರವತ್ತೆರಡು ಎಂದು ಹೇಳಿಕೊಂಡಿದ್ದ, ನಿಜಕ್ಕೂ ಎಪ್ಪತ್ತೆರಡು. “ಮುದುಕ ಅಂತ ಗೊತ್ತಾದ್ರೆ ಮುಗೀತು ಕಣೇ” ಎಂದು ನನ್ನ ಬಾಯಿಗೂ ಬೀಗ ಹಾಕಿದ್ದ.

ಎರಡು ಸಾವಿರದ ಹತ್ತನೇ ಇಸವಿಯ ಒಂದು ದಿನ ಗಿಟಾರಿನ ದನಿ ಕಟ್ಟಿತು. ಮಾವ ಅದನ್ನು ಹೊತ್ತು ತಂದಾಗ ಟೈಲರಮ್ಮ ತಮ್ಮ ಹೊಲಿಗೆ ಯಂತ್ರದ ಮೋಟಾರಿಗಾಗಿ ಕಾಯುತ್ತ ನನ್ನ ಅಂಗಡಿಯಲ್ಲೇ ಕೂತಿದ್ದರು. ಮಾವನಿಗೆ ಅಷ್ಟು ಸಾಕು.

“ಇಪ್ಪತ್ತನೇ ವಯಸ್ಸಲ್ಲಿ ತಗೊಂಡಿದ್ದು. ಹೊಚ್ಚ ಹೊಸದು! ಪೆಟ್ಟಿಗೆ ಒಡೆದು ಮೊದಲು ಮುಟ್ಟಿದ್ದೇ ನಾನು.”

“ಹೌದಾ? ಯಾವ ಇಸವಿದು?” ಎಂದರು ಟೈಲರಮ್ಮ.

ಹಳೆಯ ವಾದ್ಯ ಎಂದರೆ ನನಗೆ ಹುಚ್ಚು. ಹಿಂದುಮುಂದು ನೋಡದೆ ತಿರುಪು ಬಿಚ್ಚಿದೆ. ಹೆಸರಿನ ಬಿಲ್ಲೆ ಎಂದೋ ಬಿದ್ದುಹೋಗಿತ್ತು. ತಂತಿಗಳ ಮೇಲೆ ಬಾಗಿದ್ದ ಎರಡು ದಪ್ಪ ಅಯಸ್ಕಾಂತಗಳೇ ಅದು ಯಾವ ಕಾರ್ಖಾನೆಯದೆಂದು ಹೇಳಿದವು. ವರ್ಷ ಬೇಕೆಂದರೆ ಸದ್ದು ಏರಿಸುವ ಗುಂಡಿಯ ತಳ ನೋಡಬೇಕು. ಆ ಕಾರ್ಖಾನೆಯವರು ಅಲ್ಲಿ ಇಸವಿಯ ಕೊನೆಯ ಅಂಕಿಯನ್ನಷ್ಟೇ ಒತ್ತುತ್ತಿದ್ದರು. ಧೂಳು ಒರೆಸಿದೆ. ಎಂಟು.

“ಅರವತ್ತೆಂಟು!” ಎಂದು ಮಾವ ಕೂಗಿ, ಕಣ್ಣಲ್ಲೇ ನನಗೆ ಕೈಮುಗಿದ.

ನನ್ನ ಹತ್ತಿರ ಬರುವವರೆಲ್ಲ ತಮ್ಮ ವಾದ್ಯ ಇನ್ನೂ ಹತ್ತು ವರ್ಷ ಹಳೆಯದೆಂದು ಹೇಳು ಅಂತ ಜೀವ ತಿನ್ನುತ್ತಾರೆ. ಹತ್ತು ವರ್ಷ ಹೊಸದು ಮಾಡು ಎಂದು ಗೋಗರೆದವನು ಈ ಮಹಾರಾಯನೊಬ್ಬನೇ. ಆದರೆ ಒಳಗಿನ ವೈರುಗಳಿಗೆಲ್ಲ ಬಟ್ಟೆಯ ಹೊದಿಕೆಯಿತ್ತು. ಅರವತ್ತೆಂಟರ ಹೊತ್ತಿಗೆ ಆ ಕಾರ್ಖಾನೆ ಪ್ಲಾಸ್ಟಿಕ್ಕಿಗೆ ಇಳಿದಾಗಿತ್ತು. ನನ್ನ ಹಾಳು ನಾಲಿಗೆ ಸುಮ್ಮನಿರಬೇಕಲ್ಲ!

“ಅಲ್ಲ ಮಾವ, ಐವತ್ತೆಂಟು” ಅಂದುಬಿಟ್ಟೆ.

ಟೈಲರಮ್ಮ ಬೆರಳು ಮಡಚತೊಡಗಿದರು. ಮಾವನ ಮುಖ ಇಂಗು ತಿಂದ ಮಂಗನಂತಾಯಿತು. ಬೇರೆಯವರಿಂದ ಕೊಂಡದ್ದು ಎನ್ನೋಣವೆಂದರೆ, ಪೆಟ್ಟಿಗೆ ಒಡೆದ ಕತೆ ಈಗಷ್ಟೇ ತಾನೇ ಹೇಳಿದ್ದ. ಪಾಪ, ಅವನ ಸಂಸಾರವನ್ನು ಶುರುವಾಗುವ ಮೊದಲೇ ಮುರಿದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ.

“ಅಂದ್ರೆ ನಿಮಗೆ ಎಪ್ಪತ್ತೆರಡಾ?”

“ಹೂಂ,” ಮಾವ ನೆಲ ನೋಡುತ್ತ ಹೇಳಿದ. “ತಪ್ಪಾಯ್ತು. ಮುದುಕ ಬೇಡ ಅಂತೀರೇನೋ ಅಂತ ಹೆದರಿಕೆ.”

ಟೈಲರಮ್ಮ ಹಣೆ ಚಚ್ಚಿಕೊಂಡರು. “ಅಯ್ಯೋ ಪುಣ್ಯಾತ್ಮ! ಮೊದಲೇ ಹೇಳೋಕೆ ಏನು ಧಾಡಿ? ನನಗೇ ಎಪ್ಪತ್ತು ತುಂಬ್ತು. ಎಂಟು ವರ್ಷ ಚಿಕ್ಕವನನ್ನ ಕಟ್ಕೊಂಡ್ಳು ಅಂತ ಜನ ಆಡ್ಕೋತಾರಲ್ಲ ಅಂತ, ಮನಸ್ಸಿದ್ರೂ ಬಾಯಿ ಮುಚ್ಕೊಂಡಿದ್ದೆ.”

ಹೆಂಗಸರ ವಯಸ್ಸು ಕೇಳಬಾರದೆಂಬ ಮಾತನ್ನು ನಂಬಿ ಮಾವ ಒಮ್ಮೆಯೂ ಕೇಳಿರಲಿಲ್ಲ. ಈಗ ಮೆಲ್ಲಗೆ ತಲೆ ಎತ್ತಿ, “ಹಾಗಾದ್ರೆ…” ಎಂದ.

“ಹಾಗಾದ್ರೆ ಏನು ಹಾಗಾದ್ರೆ? ಕಾಯ್ತಾ ಕೂರೋ ವಯಸ್ಸೇನ್ರೀ ಇದು? ಈ ವಾರವೇ ಮುಗಿಸಿಬಿಡೋಣ!”